ಹೂಂ ಅಂದರೆ ಕೆಡುವ ಪಟ

ಆ ಸೋಮವಾರ ಮಧ್ಯಾಹ್ನ ನಮ್ಮ ಸ್ಕ್ಯಾನಿಂಗ್ ಸೆಂಟರಿನ ಒಳಕೋಣೆಯಲ್ಲಿ ಇದ್ದವರನ್ನು ಮೊದಲು ಪರಿಚಯ ಮಾಡಿಕೊಟ್ಟುಬಿಡುತ್ತೇನೆ. ಗಾಜಿನ ಈಚೆ, ಕಂಪ್ಯೂಟರಿನ ಮುಂದೆ ನಾನು. ನನ್ನ ಪಕ್ಕದ ಕುರ್ಚಿಯಲ್ಲಿ, ಒಳಗಿನಿಂದ ಆಚೆ ಹಾಕಿಸಿಕೊಂಡು ಮುಖ ಊದಿಸಿಕೊಂಡಿದ್ದ ಕುಮಾರ. ಗಾಜಿನ ಆಚೆ, ಯಂತ್ರದ ಹಾಸಿಗೆಯ ಮೇಲೆ ಅವನ ಮಗಳು, ಒಂದನೇ ಕ್ಲಾಸಿನ ಸಿಂಚನ. ಅವಳ ಕಾಲಿನ ಹತ್ತಿರ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಮಾರನ ತಾಯಿ ಜವರಮ್ಮ. ಆ ಜವರಮ್ಮನ ಎದುರಿಗೆ, ಪ್ಯಾಂಟನ್ನು ಸೊಂಟದ ಹತ್ತಿರ ಮುಷ್ಟಿ ಕಟ್ಟಿ ಹಿಡಿದುಕೊಂಡು, ನಿಂತಲ್ಲೇ ನಿಂತಿದ್ದವರು ನಮ್ಮ ಡಾಕ್ಟರು. ಅಷ್ಟು ದೊಡ್ಡ ಓದು ಓದಿದವರು ಒಂದು ಮಗುವಿನ ತಲೆಯ ಪಟಕ್ಕಾಗಿ ಪ್ಯಾಂಟು ಹಿಡಿದುಕೊಂಡು ನಿಲ್ಲಬೇಕಾಗಿ ಬಂದದ್ದು ಹೇಗೆ ಎನ್ನುವುದನ್ನು ಹೇಳದೆ ನನಗೆ ಸಮಾಧಾನವಿಲ್ಲ. ಹೇಳಬಾರದು ಎಂದು ಅವರು ನನಗೆ ಹೇಳಿಲ್ಲ. ಅವರು ಯಾರಿಗೂ ಏನನ್ನೂ ಹೇಳುವುದಿಲ್ಲ, ಅದು ಬೇರೆ ವಿಷಯ.

ಸುಮ್ಮನಿರುವುದಕ್ಕಿಂತ ಕಷ್ಟದ ಕೆಲಸ ಮನುಷ್ಯನಿಗೆ ಇನ್ನೊಂದಿಲ್ಲ. ಹೊಲ ಉಳು ಎನ್ನಿ, ಉಳುತ್ತಾನೆ. ಬೆಟ್ಟ ಹತ್ತು ಎನ್ನಿ, ಏದುಸಿರು ಬಿಡುತ್ತಲಾದರೂ ಹತ್ತುತ್ತಾನೆ. ಅರ್ಧ ಗಂಟೆ ಮೂಗು ತುರಿಸಿಕೊಳ್ಳದೆ ಮಲಗಿರು ಎನ್ನಿ, ಆಗ ನೋಡಬೇಕು ಅವನ ಪಾಡು. ಅಲ್ಲಿಯವರೆಗೆ ಮೂಗು ಎನ್ನುವುದೊಂದಿದೆ ಎಂದೇ ನೆನಪಿಲ್ಲದವನಿಗೆ ಮೂಗಿನ ತುದಿಯಲ್ಲಿ ಇರುವೆಗಳ ಮೆರವಣಿಗೆ ಹೊರಡುತ್ತದೆ. ಹಾಸನಕ್ಕೆ ಎಂಆರ್‌ಐ ಯಂತ್ರ ಬಂದ ಹೊಸದರಲ್ಲಿ ನಾನು ಅದರಲ್ಲಿ ಮೈಯೊಳಗಿನ ಪಟ ತೆಗೆಯುವ ಕೆಲಸಕ್ಕೆ ಸೇರಿದೆ. ಜನ ನನ್ನನ್ನು ನರ್ಸಮ್ಮ, ಮೇಡಮ್ಮ, ಡಾಕ್ಟ್ರಮ್ಮ, ಪಟ ತಗ್ಯೋ ಅಮ್ಮ ಎಂದು ಬಾಯಿಗೆ ಬಂದ ಹಾಗೆ ಕರೆಯುತ್ತಿದ್ದರು. ನನ್ನ ಉದ್ಯೋಗ ನಿಜಕ್ಕೂ ಏನೆಂದರೆ, ಬೆಳಗಿನಿಂದ ಸಂಜೆಯವರೆಗೆ ಮೈಕಿನಲ್ಲಿ ‘ಅಲ್ಲಾಡಬೇಡಿ’ ಎನ್ನುವುದು. ಈ ಒಂದು ಮಾತಿಗೆ ಸಂಬಳ ಪಡೆಯುವವಳು ಜಿಲ್ಲೆಯಲ್ಲಿ ನಾನೊಬ್ಬಳೇ ಎಂದು ನಮ್ಮ ಮನೆಯವರು ನೆಂಟರಿಷ್ಟರ ಮುಂದೆಲ್ಲ ಹೇಳಿಕೊಂಡು ಬರುತ್ತಿದ್ದರು.

ಯಾಕೆ ಅಲ್ಲಾಡಬಾರದು ಎಂದರೆ, ಈ ಯಂತ್ರ ಕ್ಯಾಮೆರಾದ ಹಾಗೆ ‘ಕ್ಲಿಕ್’ ಎಂದು ಮುಗಿಸಿಬಿಡುವಂಥದ್ದಲ್ಲ. ಹಳೆಯ ಕಾಲದ ಗುಂಪು ಫೋಟೋಗಳಲ್ಲಿ ಮುಂದಿನ ಸಾಲಿನ ಮಗುವಿಗೆ ಎರಡು ತಲೆ ಇರುತ್ತಿತ್ತಲ್ಲ, ಮುಖ ಮಸಿ ಬಳಿದಂತೆ ಕದಡಿರುತ್ತಿತ್ತಲ್ಲ, ಅದೇ ಸಂಗತಿ. ಪಟ ನಿಧಾನವಾಗಿ, ಕಂತು ಕಂತಾಗಿ ಮೂಡಬೇಕು. ಆ ಕಂತು ಮುಗಿಯುವುದರೊಳಗೆ ತಲೆ ಜರುಗಿದರೆ ಒಂದು ತಲೆಯ ಸುತ್ತ ಇನ್ನೊಂದು ತಲೆಯ ನೆರಳು ಬೀಳುತ್ತದೆ. ಕೆರೆಗೆ ಕಲ್ಲು ಎಸೆದಾಗ ಏಳುವ ಅಲೆಗಳ ಹಾಗೆ ಮಿದುಳಿನ ತುಂಬ ಅಲೆ ಏಳುತ್ತದೆ. ಅಂಥ ಪಟವನ್ನು ನೋಡಿ ಯಾವ ಡಾಕ್ಟರೂ ಏನೂ ಹೇಳಲಾರರು. ದೊಡ್ಡವರೇ ಇದನ್ನು ಅರ್ಥ ಮಾಡಿಕೊಳ್ಳುತ್ತಿರಲಿಲ್ಲ. ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿಯೊಬ್ಬರು ಅಲ್ಲಾಡಬಾರದು ಎಂದರೆ ಉಸಿರನ್ನೂ ಆಡಬಾರದು ಎಂದುಕೊಂಡು ಬದನೆಕಾಯಿ ಬಣ್ಣಕ್ಕೆ ತಿರುಗಿದ್ದರು. ಹೊಳೆನರಸೀಪುರದ ನಿವೃತ್ತ ಮೇಷ್ಟರೊಬ್ಬರು ಕಂಬದ ಹಾಗೆ ಮಲಗಿದ್ದರು. ನನಗೆ ಅಷ್ಟು ಸಂತೋಷವಾಗಿ ಮೈಕಿನಲ್ಲಿ, ‘ತುಂಬಾ ಚೆನ್ನಾಗಿ ಮಲಗಿದ್ದೀರಿ ಸಾರ್’ ಎಂದೆ. ಪಾಪ, ಸಂಭಾವಿತರು. ಎದ್ದು ಕೂತು ಕೈಮುಗಿದರು.

ದೊಡ್ಡವರ ಕಥೆಯೇ ಹೀಗಾದರೆ ಮಕ್ಕಳ ಮಾತು ಕೇಳುವುದೇನು? ಎಳೆಗೂಸುಗಳು ಪರವಾಗಿಲ್ಲ. ಹಾಲು ಕುಡಿಸಿ, ಹಳೆಯ ಹತ್ತಿ ಸೀರೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಿದರೆ ಯಂತ್ರದ ಡಗಡಗ ಸದ್ದನ್ನೇ ಜೋಗುಳ ಮಾಡಿಕೊಂಡು ನಿದ್ದೆ ಹೋಗುತ್ತವೆ. ಹತ್ತು ದಾಟಿದವಕ್ಕೆ ಮಾನ ಮರ್ಯಾದೆ ಬಂದಿರುತ್ತದೆ. ನಡುವಿನವರಿದ್ದಾರಲ್ಲ, ಅಂಗನವಾಡಿ ಬಿಟ್ಟು ಮಗ್ಗಿ ಕಲಿಯುವವರೆಗಿನವರು, ಅವರೇ ನನ್ನ ಜಾತಕದ ಶನಿ. ತಲೆಯ ಎರಡೂ ಪಕ್ಕ ಸ್ಪಂಜು ಒತ್ತರಿಸುತ್ತಿದ್ದೆ. ಹಣೆಗೆ ಪಟ್ಟಿ ಕಟ್ಟುತ್ತಿದ್ದೆ. ಉದ್ದದ ಪಟಗಳನ್ನು ಬಿಟ್ಟು ಚಿಕ್ಕ ಚಿಕ್ಕ ಪಟಗಳನ್ನು ಮೊದಲು ತೆಗೆದುಕೊಳ್ಳುತ್ತಿದ್ದೆ. ಹಿಂದಿನ ದಿನವೇ ಬಂದವರಿಗೆ, ಮನೆಯಲ್ಲಿ ಮಗುವನ್ನು ಮಂಚದ ಕೆಳಗೆ ಮಲಗಿಸಿ ಪಕ್ಕದಲ್ಲಿ ತಟ್ಟೆ ಬಡಿದು ಅಭ್ಯಾಸ ಮಾಡಿಸಿ ಎಂದು ಹೇಳಿ ಕಳಿಸುತ್ತಿದ್ದೆ. ಗೊರೂರಿನ ಒಂದು ಮನೆಯವರು ಅದನ್ನು ಎಷ್ಟು ಶ್ರದ್ಧೆಯಿಂದ ಮಾಡಿದರೆಂದರೆ, ಅಕ್ಕಪಕ್ಕದ ಕ್ವಾರ್ಟರ್ಸಿನವರು ಗ್ರಹಣವೇನಾದರೂ ಹಿಡಿಯಿತೇ ಎಂದು ಆಚೆ ಬಂದು ಆಕಾಶ ನೋಡಿದರಂತೆ.

ಆಮೇಲೆ ನನಗೆ ‘ಸ್ಟ್ಯಾಚ್ಯೂ’ ಆಟ ಹೊಳೆಯಿತು. ಒಬ್ಬರು ‘ಸ್ಟ್ಯಾಚ್ಯೂ’ ಎಂದರೆ ಇನ್ನೊಬ್ಬರು ಇದ್ದಲ್ಲೇ ಕಲ್ಲಾಗಬೇಕು, ಅವರೇ ‘ಓವರ್’ ಎನ್ನುವವರೆಗೆ ಮಿಸುಕಬಾರದು. ಮೊದಲು ಸಿಕ್ಕಿದವನು ಚನ್ನರಾಯಪಟ್ಟಣದ ಕಡೆಯ ಒಬ್ಬ ಹುಡುಗ. ನಾನು ‘ಸ್ಟ್ಯಾಚ್ಯೂ!’ ಎಂದೆ. ಹುಡುಗ ಶಿಲೆ. ಪಟ ಅಂದರೆ ಪಟ, ಪಠ್ಯಪುಸ್ತಕದಲ್ಲಿ ಅಚ್ಚು ಹಾಕಿಸಬಹುದು. ಗೆದ್ದೆ ಎನ್ನುವ ಹಿಗ್ಗಿನಲ್ಲಿ ನಾನು ಊಟಕ್ಕೆ ಹೊರಟುಹೋದೆ. ಊಟ ಮುಗಿಸಿ ಬರುವಾಗ ಬಾಗಿಲಲ್ಲಿ ಅವನ ಅಪ್ಪ ಬೆವರು ಸುರಿಸಿಕೊಂಡು ನಿಂತಿದ್ದ. ಹೆಗಲ ಮೇಲೆ ಮಗ, ಹಲಗೆಯ ಹಾಗೆ ಅಡ್ಡಡ್ಡ. ‘ಬಸ್‌ಸ್ಟ್ಯಾಂಡ್‌ಗಂಟ ಇಂಗೇ ಒತ್ಕಂಡೋದೆ ಮೇಡಮ್ಮೋರೆ, ಕಂಡಕ್ಟರು ಲಗೇಜು ಅಂತಾವ್ನೆ. ಅದೇನೋ ಅಂದ್ಬುಡ್ಬೇಕಂತಲ್ಲ, ಅಂದ್ಬುಡಿ ನಮ್ಮವ್ವ’ ಎಂದ. ನಾನು ‘ಓವರ್’ ಎಂದೆ. ಹುಡುಗ ಅಪ್ಪನ ಹೆಗಲಿನಿಂದ ಜಾರಿ ಇಳಿದು, ‘ಮೂತ್ರ!’ ಎಂದು ಓಡಿದ.

ಇಂಥ ಅನುಭವಸ್ಥೆಯಾದ ನನ್ನ ಮುಂದೆ ಸಿಂಚನ ಬಂದು ನಿಂತಳು. ರಾಮನಾಥಪುರದ ಆಚೆ ಹೊಗೆಸೊಪ್ಪು ಬೆಳೆಯುವ ಒಂದು ಹಳ್ಳಿಯವರು. ಎರಡು ಜಡೆ, ಎರಡಕ್ಕೂ ಕೆಂಪು ಟೇಪು, ಸುರಿಯುವ ಮೂಗು. ಆ ಮಗುವಿಗೆ ಹಿಂದಿನ ತಿಂಗಳು ಎರಡು ಸಲ ಫಿಟ್ಸ್ ಬಂದಿತ್ತು. ಎರಡು ಸಲವೂ ಅಜ್ಜಿಯ ಮಗ್ಗುಲಲ್ಲಿ ಮಲಗಿ ನಿದ್ದೆ ಹತ್ತಿದ ಮೇಲೆ. ಫಿಟ್ಸಿನ ಡಾಕ್ಟರು ತಲೆಯೊಳಗೆ ಗಂಟೇನಾದರೂ ಇದೆಯೋ ಏನೋ ನೋಡಿಕೊಂಡು ಬನ್ನಿ ಎಂದು ನಮ್ಮಲ್ಲಿಗೆ ಕಳಿಸಿದ್ದರು. ‘ಗಂಟು’ ಎಂಬ ಆ ಒಂದು ಮಾತನ್ನು ಜವರಮ್ಮ ಊರಿನಿಂದ ಹಾಸನದವರೆಗೆ ಸೆರಗಿನಲ್ಲಿ ಕಟ್ಟಿಕೊಂಡು ಬಂದಂತಿದ್ದಳು. ಅವಳು ನನ್ನನ್ನು ಕೇಳಿದ ಮೊದಲ ಮಾತೇ, ‘ಗಂಟಿದ್ರೆ ಕಾಣ್ತದಾ ತಾಯಿ? ಇಲ್ದಿದ್ರೆ ಇಲ್ಲ ಅಂತ ಕಾಣ್ತದಾ?’

ಮಗುವಿಗೆ ನಿದ್ದೆ ಬರಿಸಿ ಪಟ ತೆಗೆಯುವ ದಾರಿಯೊಂದು ಇತ್ತು. ಅದಕ್ಕೆ ಅರಿವಳಿಕೆ ಡಾಕ್ಟರು ಬೇರೆ ಕಡೆಯಿಂದ ಬರಬೇಕು, ಮಗು ಖಾಲಿ ಹೊಟ್ಟೆಯಲ್ಲಿರಬೇಕು, ನೆಗಡಿ ಇರಬಾರದು. ಸಿಂಚನ ಅರಕಲಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ ತಿಂದು, ಮೂಗು ಸೊರಸೊರ ಎನ್ನಿಸಿಕೊಂಡೇ ಬಂದಿದ್ದಳು. ಬೇರೆ ದಿನ ಬನ್ನಿ, ನಿದ್ದೆ ಬರಿಸಿಯೇ ತೆಗೆಯೋಣ ಎಂದು ನಾನು ಅಂದದ್ದೇ ತಡ, ಜವರಮ್ಮನ ಮುಖ ಬಿಳುಚಿತು. ‘ಮಲಗ್ದಾಗ್ಲೇ ಅದು ಬರೋದು ಕಣವ್ವಾ. ಅವತ್ನಿಂದ ನಾನು ಮಗ ಮಲಗಿದ್ರೆ ಪಕ್ದಲ್ಲಿ ಕುಂತು ಮೂಗಿನ್ತಾವ ಕೈ ಮಡಿಕ್ಕಂಡು ನೋಡ್ತಿರ್ತೀನಿ. ನೀನು ಮಲಗಿಸ್ಬುಟ್ಟು ಪಟ ತಗೀತೀನಿ ಅಂತೀಯ. ಮಗ ಏಳ್ದೇ ಓದ್ರೆ ಆ ಪಟ ತಕ್ಕಂಡು ನಾನೇನವ್ವ ಮಾಡ್ಲಿ?’ ಎಂದಳು. ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಯಂತ್ರದ ಕಂಪನಿಯವರು ಕೊಟ್ಟ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆದರೆ ಆ ಮುಖ ನೋಡಿಕೊಂಡು ಅದನ್ನು ಹೇಳಲಾಗಲಿಲ್ಲ. ‘ಎಚ್ಚರವಾಗಿಯೇ ತೆಗೆಯೋಣ ಬಿಡಿ ಅಜ್ಜಿ’ ಎಂದುಬಿಟ್ಟೆ.

ಅಜ್ಜಿ ಒಳಗೆ ಬಂದರೆ ಮಾತ್ರ ತಾನೂ ಒಳಗೆ ಬರುವುದು ಎಂದು ಸಿಂಚನ ಹಟ ಹಿಡಿದಳು. ನಮ್ಮದು ದೊಡ್ಡ ಊರುಗಳಲ್ಲಿರುವಂಥ ಸುರಂಗದ ಯಂತ್ರವಲ್ಲ. ಎರಡು ದೊಡ್ಡ ದೋಸೆಕಲ್ಲುಗಳ ನಡುವೆ ಮಲಗಿಸಿದ ಹಾಗೆ, ಪಕ್ಕವೆಲ್ಲ ತೆರೆದಿರುತ್ತದೆ, ಸದ್ದೂ ಅಷ್ಟಾಗಿ ಇಲ್ಲ, ಹತ್ತಿರ ಕೂತವರು ಮಾತಾಡಿದರೆ ಕೇಳಿಸುತ್ತದೆ. ಆದರೆ ಅದು ಭಾರಿ ಅಯಸ್ಕಾಂತ, ಕಬ್ಬಿಣ ಹತ್ತಿರ ಸುಳಿಯಬಾರದು. ಜವರಮ್ಮನ ಮೈಮೇಲಿನಿಂದ ಕಬ್ಬಿಣ ಇಳಿಸುವ ಕೆಲಸ ಶುರುವಾಯಿತು. ಸೀರೆಯ ಪಿನ್ನು, ಬಳೆಯಲ್ಲಿ ಸಿಕ್ಕಿಸಿದ್ದ ಪಿನ್ನು, ತಲೆಯ ಪಿನ್ನು, ಎಲೆಅಡಿಕೆ ಚೀಲ, ಚೀಲದಿಂದ ಒಂದು ಅಡಕತ್ತರಿ, ಸುಣ್ಣದ ಡಬ್ಬಿ. ಅಡಕತ್ತರಿಯ ಗಾತ್ರ ನೋಡಿದರೆ ಅದು ಹಾರಿಹೋಗಿ ಯಂತ್ರಕ್ಕೆ ಕಚ್ಚಿಕೊಂಡಿದ್ದರೆ ಬಿಡಿಸಲು ಎತ್ತಿನ ಜೋಡಿ ಬೇಕಾಗುತ್ತಿತ್ತು. ಕೊನೆಗೆ ಸೊಂಟದಲ್ಲಿ ಒಂದು ಉದ್ದನೆಯ ಬೀಗದ ಕೈ ಉಳಿಯಿತು. ಅದನ್ನು ಮಾತ್ರ ಕೊಡಲೊಲ್ಲಳು. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಹಿಡಿಸಬೇಕು ಎನ್ನುವುದು ನಮ್ಮ ಕಡೆಯ ರೂಢಿ. ‘ಒಳಗೇ ಬಂದ್ಬುಟ್ರೆ ಮಗೀನ ಕೈಗೆ ಏನ್ ಕೊಡ್ಲಿ?’ ಎಂದಳು. ಕಬ್ಬಿಣದಿಂದ ಏನೂ ಆಗುವುದಿಲ್ಲ, ಮಗುವನ್ನು ಮಗ್ಗುಲಾಗಿ ಮಲಗಿಸಿದರೆ ಸಾಕು ಎಂದು ಎಷ್ಟು ಹೇಳಿದರೂ ಕೈ ಸಡಿಲಿಸಲಿಲ್ಲ. ಬೇರೆ ದಾರಿ ಕಾಣದೆ ನಾನು, ‘ಅಜ್ಜಿ, ಆ ಯಂತ್ರ ಇದೆಯಲ್ಲ, ಅದೇ ಒಂದು ಮನೆಯಷ್ಟು ಕಬ್ಬಿಣ. ಮಗು ಅದರ ಒಳಗೇ ಇರುತ್ತೆ’ ಎಂದೆ. ಜವರಮ್ಮ ಗಾಜಿನಲ್ಲಿ ಇಣುಕಿ ಯಂತ್ರವನ್ನು ಮೇಲಿನಿಂದ ಕೆಳಗಿನವರೆಗೆ ಅಳೆದಳು. ‘ಅಂಗನ್ನು ಮತ್ತೆ. ಮೊದ್ಲೇ ಯೋಳದಲ್ವಾ?’ ಎಂದು ಬೀಗದ ಕೈಯನ್ನು ಕುಮಾರನಿಗೆ ಎಸೆದಳು.

ಸಿಂಚನಳ ಜೊತೆ ಸ್ಟ್ಯಾಚ್ಯೂ ನಡೆಯಲಿಲ್ಲ. ನಾನು ‘ಸ್ಟ್ಯಾ’ ಎನ್ನುವಷ್ಟರಲ್ಲೇ ಅವಳು ಕಿಲಕಿಲ ಎನ್ನುತ್ತಿದ್ದಳು. ‘ಅಲ್ಲಾಡದಂಗೆ ಮಲಗ್ತಾಳೆ ಬುಡವ್ವ, ಒಂದು ಕತೆ ಯೋಳ್ತೀನಿ’ ಎಂದಳು ಜವರಮ್ಮ. ಇದಕ್ಕಿಂತ ಒಳ್ಳೆಯದು ಇನ್ನೇನಿದೆ ಎಂದು ನಾನು ಬಾಗಿಲು ಹಾಕಿಕೊಂಡು ಬಂದು ಯಂತ್ರ ಶುರು ಮಾಡಿದೆ. ಸ್ಪೀಕರಿನಲ್ಲಿ ಡಗಡಗದ ನಡುವೆ ತುಂಡು ತುಂಡಾಗಿ ಕೇಳಿಸುತ್ತಿತ್ತು. ಒಬ್ಬ ರಾಜನಿದ್ದನಂತೆ. ಅವನಿಗೆ ಮೊಳದುದ್ದ ಮೀಸೆಯಂತೆ. ಒಂದು ದಿನ ಬೆಳಿಗ್ಗೆ ಎದ್ದು ಕನ್ನಡಿ ನೋಡಿಕೊಂಡರೆ ಎಡಗಡೆಯ ಮೀಸೆಯೇ ಇಲ್ಲವಂತೆ, ಹೇಳದೆ ಕೇಳದೆ ಎದ್ದು ಹೋಗಿತ್ತಂತೆ. ನಾನೂ ನಗುತ್ತ ಪರದೆಯ ಕಡೆ ನೋಡಿದೆ. ಪಟವೆಲ್ಲ ಅಲೆ. ಸಾಮಾನ್ಯವಾಗಿ ಮಕ್ಕಳು ಅಲ್ಲಾಡಿದರೆ ಅಲೆಗಳು ಅಡ್ಡಾದಿಡ್ಡಿಯಾಗಿ ಏಳುತ್ತವೆ. ಇದು ಹಾಗಲ್ಲ, ತಾಳ ಹಾಕಿದ ಹಾಗೆ ಒಂದರ ಹಿಂದೆ ಒಂದು ಅಲೆ. ಅದರ ನಡುವೆ ಎಡಗಡೆ ಒಂದು ಸಣ್ಣ ಬಿಳಿ ಕಲೆ. ಡಾಕ್ಟರನ್ನು ಕರೆದೆ. ಅವರು ಬಗ್ಗಿ ನೋಡಿ, ಆ ಕಲೆಯ ಮೇಲೆ ಬೆರಳಿಟ್ಟು, ‘ಹೂಂ?’ ಎಂದರು. ಗಂಟೋ, ಅಲ್ಲಾಡಿದ್ದರ ನೆರಳೋ, ಇದರಲ್ಲಿ ಹೇಳಲಾಗುವುದಿಲ್ಲ ಎಂದು ಅದರ ಅರ್ಥ.

ಒಳಗೆ ಹೋಗಿ, ‘ಪುಟ್ಟೀ, ಅಲ್ಲಾಡಿದೆಯಾ?’ ಎಂದೆ.

‘ನಾನು ಅಲ್ಲಾಡೇ ಇಲ್ಲ ಆಂಟಿ. ಬರೀ ಊಂ ಅಂದೆ.’

‘ಎಲ್ಲಿ, ಇನ್ನೊಂದು ಸಲ ಅನ್ನು?’

ಅಂದಳು. ಗಲ್ಲ ಎದೆಯವರೆಗೆ ಇಳಿದು ಮತ್ತೆ ಸ್ವಸ್ಥಾನಕ್ಕೆ ಬಂತು. ಅಜ್ಜಿಯ ಒಂದೊಂದು ವಾಕ್ಯಕ್ಕೂ ಅಂಥದೊಂದು ಊಂ! ಇದಕ್ಕೆ ಸ್ಪಂಜು ಏನು ಮಾಡೀತು, ಪಟ್ಟಿ ಏನು ಮಾಡೀತು?

ನನ್ನ ತಲೆಗೆ ಇದು ಮೊದಲೇ ಹೊಳೆಯಬೇಕಿತ್ತು. ನಮ್ಮ ಸೀಮೆಯಲ್ಲಿ ಕಥೆ ಎಂದರೆ ಒಬ್ಬರ ಕೆಲಸವಲ್ಲ. ಒಬ್ಬರು ಹೇಳಬೇಕು, ಒಬ್ಬರು ಹೂಂಗುಟ್ಟಬೇಕು. ಹೊಳೆನರಸೀಪುರದಲ್ಲಿ ನಮ್ಮ ಅಜ್ಜಿ ಕಥೆ ಹೇಳುವಾಗ ಒಂದು ಹೂಂ ತಪ್ಪಿದರೂ ಅಲ್ಲಿಗೇ ನಿಲ್ಲಿಸಿ ಆ ಕಡೆ ತಿರುಗಿ ಮಲಗಿಬಿಡುತ್ತಿದ್ದಳು. ಎಷ್ಟೋ ರಾಜಕುಮಾರರು ಒಂದು ಕಾಲನ್ನು ಕುದುರೆಯ ಮೇಲಿಟ್ಟು ಇನ್ನೊಂದನ್ನು ನೆಲದ ಮೇಲೆ ಬಿಟ್ಟು, ನನ್ನ ಒಂದು ಹೂಂಗಾಗಿ ಮಾರನೆಯ ದಿನದವರೆಗೆ ಕಾದದ್ದುಂಟು. ಈಗ ನಾನು ಜವರಮ್ಮನಿಗೆ, ‘ಊಂ ಇಲ್ಲದೇನೇ ಹೇಳಿಬಿಡಿ ಅಜ್ಜಿ’ ಎಂದೆ. ಒಗ್ಗರಣೆ ಇಲ್ಲದೆ ಸಾರು ಮಾಡಿ ಎಂದಂತೆ ನನ್ನ ಮುಖವನ್ನೊಮ್ಮೆ ನೋಡಿ, ‘ನೋಡ್ತೀನಿ ಬುಡು’ ಎಂದಳು.

ಮತ್ತೆ ಯಂತ್ರ ಶುರು. ಸಿಂಚನ ತುಟಿ ಬಿಗಿಹಿಡಿದು ಮಲಗಿದ್ದಳು. ಅಲೆ ಇಲ್ಲ, ಏನಿಲ್ಲ. ರಾಜ ಅರ್ಧ ಮೀಸೆಯಲ್ಲಿ ದರ್ಬಾರಿಗೆ ಹೋದ. ಮಂತ್ರಿ ನಕ್ಕ. ಜವರಮ್ಮ ಕಥೆ ನಿಲ್ಲಿಸಿ ಊಂಗಾಗಿ ಕಾದಳು. ಇನ್ನೊಂದು ಮಾತು ಹೇಳಿದಳು, ಮತ್ತೆ ಕಾದಳು. ಆಮೇಲೆ ಇದ್ದಕ್ಕಿದ್ದಂತೆ, ‘ಮಗಾ! ಏ ಮಗಾ!’ ಎಂದು ಎದ್ದು ಸಿಂಚನಳ ಎರಡೂ ಕಾಲು ಹಿಡಿದು ಗೋಣಿಚೀಲ ಕೊಡವಿದ ಹಾಗೆ ಅಲ್ಲಾಡಿಸಿಬಿಟ್ಟಳು. ಪಟ ಹೋಯಿತು. ನಾನು ಒಳಗೆ ಓಡಿದೆ. ಮಗು ಕಣ್ಣು ಬಿಟ್ಟುಕೊಂಡು ಮೇಲೆ ನೋಡುತ್ತಿತ್ತು. ಅಜ್ಜಿ ಅವಳ ಕಾಲು ಬಿಡಲಿಲ್ಲ. ‘ಊಂ ಅನ್ಲಿಲ್ಲ ಅಂದ್ರೆ ಮಲಗ್ಬುಟ್ಲೇನೋ ಅಂತ ಎದೆ ಒಡ್ಕತದೆ ಕಣವ್ವ. ಊಂ ಅಂತಾ ಇದ್ರೆ ಮಗ ಐತೆ ಅಂತ’ ಎಂದಳು. ನಾನು ಬೈಯಬೇಕೆಂದು ಹೋದವಳು ಅವಳ ಸೆರಗು ಸರಿಮಾಡಿ, ಕೂರಿಸಿ, ನೀರು ಕೊಟ್ಟು ಬಂದೆ.

ಆಗ ನನ್ನ ಬುದ್ಧಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗಾಬರಿಯಾದರೆ ಕರೆಯಲಿ ಎಂದು ಯಂತ್ರದಲ್ಲಿ ಮಲಗುವವರ ಕೈಗೆ ಒಂದು ರಬ್ಬರ್ ಚೆಂಡು ಕೊಡುತ್ತೇವೆ, ಅದುಮಿದರೆ ನನ್ನ ಹತ್ತಿರ ಗಂಟೆ ಬಾರಿಸುತ್ತದೆ. ‘ಊಂ ಅನ್ನೋ ಬದಲು ಇದನ್ನ ಅದುಮು ಪುಟ್ಟಿ, ಅಜ್ಜಿಗೆ ಕಾಣಿಸುತ್ತೆ’ ಎಂದೆ. ಸಿಂಚನಳಿಗೆ ಬಹಳ ಇಷ್ಟವಾಯಿತು. ರಾಜ ಡಂಗುರ ಸಾರಿಸಿದ. ಟೀಂ! ಮೀಸೆ ಹಿಡಿದು ತಂದವರಿಗೆ ಅರ್ಧ ರಾಜ್ಯ. ಟೀಂ! ಆಚೆ ಕೂತಿದ್ದ ರೋಗಿಗಳೆಲ್ಲ ಮಂಗಳಾರತಿಯಾಗುತ್ತಿದೆ ಎಂದು ಎದ್ದು ನಿಂತರು. ಪಟ ನೋಡಿದರೆ ಮೊದಲಿನಂತೆಯೇ ಅಲೆ. ಚೆಂಡು ಅದುಮಿದಾಗಲೆಲ್ಲ ಗಲ್ಲವೂ ತನ್ನ ಪಾಡಿಗೆ ತಾನು ಊಂ ಎಂದು ಬರುತ್ತಿತ್ತು. ಕೈ ಬೇರೆ ತಲೆ ಬೇರೆ ಎಂದು ಆ ಮಗುವಿನ ಕತ್ತಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸರಿ, ಮಗುವಿನ ಬದಲಿಗೆ ಬೇರೆಯವರು ಊಂ ಎನ್ನಲಿ. ಬೀಗದ ಕೈ, ಬೆಲ್ಟು, ಮೊಬೈಲು ಎಲ್ಲ ಆಚೆ ಇಡಿಸಿ ಕುಮಾರನನ್ನು ಒಳಗೆ ಬಿಟ್ಟೆ. ‘ನಿಮ್ಮ ಅಪ್ಪ ಊಂ ಅಂತಾರೆ, ನೀನು ಬರೀ ಕೇಳಿಸಿಕೋ’ ಎಂದು ಸಿಂಚನಳನ್ನು ಒಪ್ಪಿಸಿದೆ. ಮಗುವಿನ ತೆರೆದ ಕಣ್ಣು ಅಜ್ಜಿಗೆ ಕಾಣುವ ಹಾಗೆ ಸ್ಟೂಲನ್ನು ಸರಿಸಿದೆ. ಎಲ್ಲ ಸರಿಯಾಗಿಯೇ ಇತ್ತು. ಕಥೆ ಹಿಂದೆ ಮುಂದೆ ಆಗಿದ್ದರಿಂದ ಜವರಮ್ಮ ಮೊದಲಿನಿಂದ ಶುರು ಮಾಡಿದಳು.

‘ಕನ್ನಡಿ ನೋಡ್ಕಂಡ್ರೆ ಎಡಗಡೆ ಮೀಸೇನೇ ಇಲ್ವಂತೆ.’

‘ಎಡಗಡೆ ಅಲ್ಲ ಕಣವ್ವ, ಬಲಗಡೆ. ನಂಗೆ ಯೋಳ್ದಾಗ ಬಲಗಡೇದು ಓಗಿತ್ತು.’

‘ನಿಂಗೆ ಯೋಳ್ದಾಗ ನೀನು ಗೊರಕೆ ಒಡೀತಿದ್ದೆ ಕಣ್ಲಾ. ಊಂ ಅನ್ನು ಅಂದ್ರೆ ಊಂ ಅನ್ನು.’

‘ಊಂ. ಆದ್ರೂ ಬಲಗಡೇನೇ. ಅದುಕ್ಕೇ ತಾನೆ ಕುದ್ರೆ ಮೇಲೆ ಕುಂತಾಗ ರಾಜ ಎಡಕ್ಕೆ ವಾಲಿದ್ದು?’

‘ಲೇ, ಆ ರಾಜ ನಂಗೆ ಗೊತ್ತೋ ನಿಂಗೆ ಗೊತ್ತೋ?’

ಸಿಂಚನ ನಗತೊಡಗಿದಳು. ನಕ್ಕರೆ ಸುಮ್ಮನೆ ನಗುವ ಹುಡುಗಿಯಲ್ಲ ಅದು, ಕಾಲು ಎತ್ತಿ ಎತ್ತಿ ಹಾಕಿ ನಗುವ ಹುಡುಗಿ. ನಾನು ಕುಮಾರನನ್ನು ರಟ್ಟೆ ಹಿಡಿದು ಆಚೆ ತಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ. ‘ಬಲಗಡೇದೇ ಮೇಡಮ್ಮೋರೆ’ ಎಂದು ಅವನು ನನಗೂ ಒಂದು ಸಲ ಹೇಳಿದ.

ಆಚೆ ರೋಗಿಗಳ ಸಾಲು ಬೆಳೆಯುತ್ತಿತ್ತು. ಗಂಟೆಯ ಸದ್ದಿಗೂ ನಗುವಿಗೂ ನಮ್ಮ ಡಾಕ್ಟರು ತಮ್ಮ ಕೋಣೆಯಿಂದ ಎದ್ದು ಬಂದರು. ನಮ್ಮ ಡಾಕ್ಟರ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅವರು ದೇವರಂಥ ಮನುಷ್ಯ, ಮಾತಿನಲ್ಲೂ ದೇವರಂತೆಯೇ, ಬಾಯಿ ಬಿಡುವುದಿಲ್ಲ. ಎಲ್ಲಕ್ಕೂ ಹೂಂ. ಉದ್ದನೆಯ ಹೂಂ ಎಂದರೆ ಒಪ್ಪಿಗೆ. ಗಿಡ್ಡ ಹೂಂ ಎಂದರೆ ಸಿಟ್ಟು. ಮೂಗಿನಿಂದ ಬಂದರೆ ಕಾಫಿ ತರಿಸಬೇಕು ಎಂದು. ಅವರ ಮನೆಯವರು ಫೋನ್ ಮಾಡಿದರೆ ಈ ಕಡೆಯಿಂದ ಬರೀ ಹೂಂ, ಹೂಂ, ಹೂಂ, ಕೊನೆಗೆ ಫೋನ್ ಇಟ್ಟ ಸದ್ದು. ಇವತ್ತಿಗೆ ಸಾಕು, ಇನ್ನೊಂದು ದಿನ ನಿದ್ದೆ ಬರಿಸಿಯೇ ತೆಗೆಯೋಣ ಎಂದು ಅಜ್ಜಿಗೆ ಹೇಳುವುದಕ್ಕೇ ಅವರು ಹೊರಟಿದ್ದರು, ಅವರ ಮುಖದ ಮೇಲೆ ಅದು ಬರೆದಿತ್ತು. ಪೆನ್ನು, ವಾಚು, ಮೊಬೈಲು ನನ್ನ ಮೇಜಿನ ಮೇಲಿಟ್ಟರು. ಬಕಲ್ ಇದ್ದ ಬೆಲ್ಟನ್ನು ಬಿಚ್ಚಿ ಕುರ್ಚಿಗೆ ನೇತುಹಾಕಿದರು. ಒಂದೇ ನಿಮಿಷದ ಕೆಲಸ ಎಂದು ಪ್ಯಾಂಟನ್ನು ಕೈಯಲ್ಲಿ ಹಿಡಿದುಕೊಂಡು ಒಳಗೆ ನಡೆದರು.

ಜವರಮ್ಮ ಆಗ ಮಗುವನ್ನು ಸುಮ್ಮನಾಗಿಸಲು ಕಥೆ ಮುಂದುವರಿಸಿದ್ದಳು. ಡಾಕ್ಟರು ಎದುರಿಗೆ ಬಂದು ನಿಂತದ್ದನ್ನು ನೋಡಿ ಅವರಿಗೇ ಹೇಳಿದಳು. ‘ಮೀಸೆ ಅರಮನೆ ಬಾಗ್ಲು ದಾಟ್ಕಂಡು ಸೀದಾ ಒಳೆ ದಾರಿ ಇಡೀತಂತೆ ಕಣಪ್ಪ.’

ಡಾಕ್ಟರಿಗೆ ಯಾರೇ ಏನೇ ಹೇಳಿದರೂ ಬಾಯಿಂದ ಬರುವುದು ಒಂದೇ. ಬಂತು. ‘ಹೂಂ.’

ಜವರಮ್ಮನ ಮುಖ ಅರಳಿತು. ‘ಒಳೆ ದಂಡೇಲಿ ಎಮ್ಮೆ ಮೇಯ್ತಿದ್ವಂತೆ.’

‘ಹೂಂ.’

ನಾನು ಪರದೆಯ ಕಡೆ ನೋಡಿದೆ, ಗಾಜಿನ ಕಡೆ ನೋಡಿದೆ. ಸಿಂಚನಳ ಗಲ್ಲ ನಿಂತಲ್ಲೇ ನಿಂತಿತ್ತು. ಅವಳ ಊಂ ಅನ್ನು ಇನ್ನೊಬ್ಬರು ಅವಳಿಗಿಂತ ಚೆನ್ನಾಗಿ ಅನ್ನುತ್ತಿದ್ದರು. ಕಣ್ಣು ಅರಳಿಸಿಕೊಂಡು ಡಾಕ್ಟರನ್ನೇ ನೋಡುತ್ತಿದ್ದಳು. ನಾನು ಸದ್ದಿಲ್ಲದೆ ಬಾಗಿಲು ಹಾಕಿ ಯಂತ್ರ ಶುರು ಮಾಡಿದೆ, ಮೈಕಿನಲ್ಲಿ, ‘ಸಾರ್, ಹಾಗೇ ಅನ್ನುತ್ತಿರಿ. ನಿಲ್ಲಿಸಬೇಡಿ, ನಿಮ್ಮ ದಮ್ಮಯ್ಯ’ ಎಂದೆ. ಡಾಕ್ಟರು ಗಾಜಿನ ಕಡೆ ತಿರುಗಿ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೀಸೆ ಒಂದು ಎಮ್ಮೆಯ ಬಾಲಕ್ಕೆ ಅಂಟಿಕೊಂಡು ತಪ್ಪಿಸಿಕೊಂಡಿತಂತೆ. ‘ಹೂಂ’ ಎಂದರು.

ಆಮೇಲಿನದು ನಾನು ಬದುಕಿರುವವರೆಗೂ ಮರೆಯುವಂಥದ್ದಲ್ಲ. ಒಂದು ಪಟ ಮುಗಿಯಿತು, ಎರಡನೆಯದು ಶುರುವಾಯಿತು. ಯಂತ್ರ ಡಗಡಗ ಎನ್ನುತ್ತಿತ್ತು. ಕಥೆ ನನಗೆ ಅಲ್ಲೊಂದು ಇಲ್ಲೊಂದು ಮಾತು ಬಿಟ್ಟರೆ ಕೇಳಿಸುತ್ತಿರಲಿಲ್ಲ, ಡಾಕ್ಟರ ಹೂಂ ಮಾತ್ರ ಗಡಿಯಾರದ ಹಾಗೆ ಬಂದು ಬೀಳುತ್ತಿತ್ತು. ಮೊದಮೊದಲು ಅದು ಗಿಡ್ಡ ಹೂಂ. ಬರಬರುತ್ತ ಉದ್ದವಾಯಿತು. ಆಮೇಲೆ ನಾನು ಈವರೆಗೆ ಕೇಳಿರದ ಹೂಂಗಳು ಬರತೊಡಗಿದವು. ಕೊನೆ ಮೇಲಕ್ಕೆ ಹೋಗುವ ಹೂಂ, ಅಯ್ಯೋ ಪಾಪ ಎನ್ನುವ ಹೂಂ, ಎಡಗೈಯಿಂದ ತಮ್ಮದೇ ಮೀಸೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡು ಹಾಕಿದ ಒಂದು ಹೂಂ. ಪ್ಯಾಂಟು ಹಿಡಿದ ಕೈ ಸೋತಾಗ ಕೈ ಬದಲಾಯಿಸಿದರೇ ಹೊರತು ಅಲ್ಲಿಂದ ಕದಲಲಿಲ್ಲ. ಕುಮಾರ ನನ್ನ ಪಕ್ಕದಲ್ಲಿ, ‘ನಮ್ಮವ್ವಂಗೆ ಸರ್ಯಾದ ಆಳು ಸಿಕ್ದ’ ಎಂದ. ಹಾಗೆಂದವನು ಎರಡು ಕೈಯಲ್ಲೂ ಆ ಬೀಗದ ಕೈಯನ್ನು ಒತ್ತಿ ಹಿಡಿದುಕೊಂಡಿದ್ದ.

ಕೊನೆಯ ಪಟ ಮುಗಿದು ಯಂತ್ರ ನಿಂತಿತು. ಸ್ಪೀಕರಿನಲ್ಲಿ ಈಗ ಚೊಕ್ಕವಾಗಿ ಕೇಳಿಸಿತು. ಮೀಸೆ ದೋಣಿ ಕಟ್ಟೆಗೆ ಬಂದು ಅಂಬಿಗನನ್ನು ಆಚೆ ದಡಕ್ಕೆ ಬಿಡಪ್ಪ ಎಂದಿತಂತೆ. ಅಂಬಿಗ, ಆಚೆ ದಡದಲ್ಲಿ ನಿನಗೇನು ಕೆಲಸ, ಅದನ್ನು ಹೇಳಿದರೆ ಬಿಡುತ್ತೇನೆ ಎಂದನಂತೆ. ನಾನು ಬಾಗಿಲು ತೆರೆದು, ‘ಮುಗಿಯಿತು ಸಾರ್’ ಎಂದೆ. ಜವರಮ್ಮ ಕಥೆ ಬಿಟ್ಟು ಎದ್ದು ಮಗುವನ್ನು ಬಾಚಿಕೊಂಡಳು. ಡಾಕ್ಟರು ಇನ್ನೂ ನಿಂತೇ ಇದ್ದರು.

‘ಆಮೇಲೆ?’ ಎಂದರು.

ನಾನು ಅವರ ಬಾಯಿಂದ ಕೇಳಿದ ಮೊದಲ ಬೇರೆ ಮಾತು ಅದು. ಆದರೆ ಆಚೆಯಿಂದ ಹಣೆಗೆ ಪಟ್ಟಿ ಕಟ್ಟಿಕೊಂಡ ಒಬ್ಬರು ಇಣುಕಿ, ಬೆಳಗಿನಿಂದ ಕೂತಿದ್ದೇವೆ ಎಂದು ಜೋರು ಮಾಡಿದರು. ‘ಇನ್ನೊಂದ್ಸಲ ಬಂದಾಗ ಯೋಳ್ತೀನಿ ಬುಡಪ್ಪ’ ಎಂದಳು ಜವರಮ್ಮ. ಡಾಕ್ಟರು ಬೆಲ್ಟು ಹಾಕಿಕೊಂಡು ಬಂದು ಪರದೆಯ ಮುಂದೆ ಕೂತರು. ಪಟಗಳನ್ನು ಒಂದೊಂದಾಗಿ ಹಿಂದೆ ಮುಂದೆ ಉರುಳಿಸಿದರು. ಜವರಮ್ಮ ಅವರ ಬೆನ್ನಿನ ಹಿಂದೆ ನಿಂತು, ಆ ಕಪ್ಪು ಬಿಳುಪಿನಲ್ಲಿ ತನಗೇನು ಕಾಣುತ್ತದೋ ಎಂದು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದಳು. ಎಡಗಡೆ ಮೊದಲು ಕಲೆ ಕಂಡಿದ್ದ ಜಾಗಕ್ಕೆ ಬಂದಾಗ ನಾನೂ ಬಗ್ಗಿ ನೋಡಿದೆ. ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛವಾಗಿತ್ತು. ‘ಗಂಟು ಗಿಂಟು ಏನೂ ಇಲ್ಲ ಅಜ್ಜಿ. ಮೊದಲು ಕಂಡದ್ದು ಇವಳು ಅಂದ ಹೂಂ, ಅಷ್ಟೇ’ ಎಂದರು ಡಾಕ್ಟರು. ಫಿಟ್ಸಿಗೆ ಮಾತ್ರೆ ಕೊಡುತ್ತಾರೆ, ತಪ್ಪಿಸದೆ ನುಂಗಿಸಬೇಕು ಎಂದೂ ಸೇರಿಸಿದರು. ಒಂದೇ ದಿನಕ್ಕೆ ಅವರಿಗೆ ಇಷ್ಟು ಮಾತು ಹೆಚ್ಚೇ ಆಯಿತು. ಜವರಮ್ಮ ಅಲ್ಲೇ ನೆಲದ ಮೇಲೆ ಕೂತು, ಚೀಲ ಬಿಚ್ಚಿ, ಅಡಿಕೆ ಕತ್ತರಿಸತೊಡಗಿದಳು. ಅಡಕತ್ತರಿ ಮೂರು ಸಲ ಜಾರಿತು.

ಅವರೆಕಾಯಿ ಕಾಲದಲ್ಲಿ ಅಜ್ಜಿ ಮೊಮ್ಮಗಳು ಮತ್ತೆ ಹಾಸನಕ್ಕೆ ಬಂದರು. ಫಿಟ್ಸಿನ ಡಾಕ್ಟರಿಗೆ ತೋರಿಸಿಕೊಂಡು, ಹಾಗೇ ನಮ್ಮಲ್ಲಿಗೂ ಬಂದು, ನನ್ನ ಮೇಜಿನ ಮೇಲೆ ಒಂದು ಚೀಲ ಸೊಗಡಿನ ಅವರೆಕಾಯಿ ಇಟ್ಟರು. ಅಂದಿನಿಂದ ಮಗುವಿಗೆ ಒಂದು ಸಲವೂ ಫಿಟ್ಸ್ ಬಂದಿಲ್ಲವಂತೆ. ಕಥೆಯ ಉಳಿದ ಭಾಗ ಕೇಳಿಯೇ ಬಿಡುವುದೆಂದು ನಾನು ಆಚೆಯ ಬೆಂಚಿನ ಮೇಲೆ ಜವರಮ್ಮನ ಪಕ್ಕ ಕೂತೆ. ಬಸ್ಸಿನಲ್ಲಿ ಬಂದು ದಣಿದಿದ್ದ ಸಿಂಚನ ನಮ್ಮಿಬ್ಬರ ನಡುವೆ ತೂಕಡಿಸಿ, ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಜವರಮ್ಮ ಅವಳ ಮೂಗಿನ ಹತ್ತಿರ ಕೈ ಹಿಡಿಯಲಿಲ್ಲ. ಜಡೆಯನ್ನೊಮ್ಮೆ ಸರಿಮಾಡಿದಳು, ಅಷ್ಟೆ. ಆಗ ಡಾಕ್ಟರು ತಮ್ಮ ಕೋಣೆಯ ಬಾಗಿಲಿಗೆ ಬಂದು ಅವಳನ್ನು ನೋಡಿ, ಒಳಗೆ ಬನ್ನಿ ಎನ್ನುವ ಒಂದು ಹೂಂ ಹಾಕಿದರು.

ಜವರಮ್ಮ ಎದ್ದಳು. ನಾನೂ ಏಳಲು ಹೊರಟೆ.

‘ನೀನೆಲ್ಲಿಗೆ ಬತ್ತೀಯವ್ವ? ಮಗ ಮಲಗೈತೆ, ಎಚ್ಚರಾಯ್ತದೆ’ ಎಂದು ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನನ್ನ ಕಾಲು ಜೋಮು ಹಿಡಿಯಿತು. ಒಳಗಿನಿಂದ ಹೂಂಗಳು ಬರುತ್ತಿದ್ದವು, ಆಮೇಲೆ ಇಬ್ಬರೂ ಜೋರಾಗಿ ನಕ್ಕರು. ಅಜ್ಜಿ ಆಚೆ ಬಂದಾಗ ಬಸ್ಸಿಗೆ ಹೊತ್ತಾಗಿತ್ತು. ಮಗುವನ್ನು ಎಬ್ಬಿಸಿಕೊಂಡು ಓಡಿದರು. ನಾನು ಕುಂಟಿಕೊಂಡು ಡಾಕ್ಟರ ಕೋಣೆಗೆ ಹೋಗಿ, ಮೀಸೆ ಆಚೆ ದಡಕ್ಕೆ ಯಾಕೆ ಹೋಗುತ್ತಿತ್ತಂತೆ ಸಾರ್ ಎಂದು ಕೇಳಿದೆ.

ಅವರು ಮೂಗಿನಿಂದ ಹೂಂ ಎಂದರು. ನಾನು ಕಾಫಿ ತರಿಸಿದೆ.